ಒಂದೇ ಬಂಡಿಯಲ್ಲಿ ಆಮ್ಲ ಮತ್ತು ಕ್ಷಾರ

ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಯ ಪೇಟೆಯನ್ನು ಕಂಡವರಿಗೆ ಆ ಊರಿನ ಘಾಟನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಕೆಂಪು ಚೀಲಗಳ ರಾಶಿಯ ನಡುವೆ ನಡೆಯುವಾಗ ಗಂಟಲು ಕೆರೆಯುತ್ತದೆ, ಕಣ್ಣು ಒದ್ದೆಯಾಗುತ್ತದೆ. ಎರಡು ಸಲ ಸೀನಿ ಮುಂದೆ ಸಾಗುತ್ತೇವೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದುದೇ ಹೊರತು ಖಾರಕ್ಕಲ್ಲ. ಆದರೂ ಅಷ್ಟು ದೊಡ್ಡ ರಾಶಿಯ ಮುಂದೆ ನಮ್ಮ ಮೂಗು ಆ ಭೇದವನ್ನು ಮಾಡುವುದಿಲ್ಲ.

ಈ ಘಾಟೇ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಮೋಸಗೊಳಿಸಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ನಡುವೆ ಆತ ಒಂದು ಟ್ರ್ಯಾಕ್ಟರ್ ಟ್ರೇಲರನ್ನು ಕಟ್ಟಿಕೊಂಡು ತೊಳೆಯುವ ಕಸುಬು ನಡೆಸುತ್ತಾನೆ. ಟ್ರೇಲರಿನ ಮೇಲೆ ನೀರಿನ ತೊಟ್ಟಿ, ಅದಕ್ಕೆ ಹೊಂದಿದ ಎಂಜಿನ್ನು, ಅಧಿಕ ಒತ್ತಡದ ಪಂಪು. ಮಾಳಿಗೆಯ ಮೇಲಣ ನೀರಿನ ಟ್ಯಾಂಕು, ಲಾರಿ, ಗೋದಾಮಿನ ಅಂಗಳ, ಎಲ್ಲವನ್ನೂ ಆತ ತೊಳೆದುಕೊಡುತ್ತಾನೆ. ಬರಿಯ ನೀರಿಗೆ ಬಗ್ಗದ ಕೊಳೆಗಾಗಿ ಬ್ಲೀಚಿಂಗ್ ದ್ರಾವಣ, ಕಾಸ್ಟಿಕ್ ಸೋಡ, ಆಸಿಡ್ಡು ಇವೂ ಜೊತೆಗಿರುತ್ತವೆ. ಒಂದು ದಿನ ಹೆದ್ದಾರಿಯನ್ನು ಬಿಟ್ಟು ಮೋಟೆಬೆನ್ನೂರಿನಿಂದ ಬ್ಯಾಡಗಿಯ ಕಡೆಗೆ ಹೊರಳಿದಾಗ ಗಂಟಲು ಕೆರೆಯತೊಡಗಿತು. ಪೇಟೆ ಸಮೀಪಿಸಿತು, ಮೆಣಸಿನಕಾಯಿಯ ಘಾಟು ಎಂದುಕೊಂಡು ಆತ ಮುಂದುವರಿದ. ಎದೆ ಬಿಗಿದು ಉಸಿರು ಕಟ್ಟಿದಂತಾದಾಗ ಹಿಂದಿರುಗಿ ನೋಡಿದರೆ, ಎರಡು ಕ್ಯಾನುಗಳು ಒಂದರ ಮೇಲೊಂದು ಉರುಳಿ, ಹಸಿರು ಹಳದಿ ಬಣ್ಣದ ಹೊಗೆಯೊಂದು ಟ್ರೇಲರಿನ ತಳದಲ್ಲಿ ತೆವಳುತ್ತಿತ್ತು. ಟ್ರ್ಯಾಕ್ಟರನ್ನು ನಿಲ್ಲಿಸಿ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಓಡಿದುದರಿಂದ ಆತ ಉಳಿದುಕೊಂಡ. ಎರಡು ದಿನ ಕೆಮ್ಮು ಬಿಡಲಿಲ್ಲ.

ಮರುವಾರ ಆತ ನಮ್ಮಲ್ಲಿಗೆ ಬಂದು, “ಸರ್, ಸಾಮಾನೆಲ್ಲಾ ಒಂದೇ ಪೆಟ್ಟಿಗ್ಯಾಗ ಇಟ್ಟಿದ್ದೆರಿ. ಮತ್ತ ಹೆಂಗ ಇಡಬೇಕ್ರಿ?” ಎಂದು ಕೇಳಿದ. ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಸಣ್ಣದಲ್ಲ. ಅಳತೆಯ ಪಟ್ಟಿಯನ್ನು ಹಿಡಿದುಕೊಂಡು ನಾವು ಆತನ ಟ್ರೇಲರಿನ ಬಳಿಗೆ ಹೋದೆವು. ಅಲ್ಲಿ ಕಂಡುದನ್ನೂ ಲೆಕ್ಕ ಹಾಕಿದುದನ್ನೂ ನಮ್ಮ ತರುಣ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹೊಗೆ ಎಲ್ಲಿಂದ ಬಂತು?

ತೊಳೆಯುವವರ ಬ್ಲೀಚಿಂಗ್ ದ್ರಾವಣವೆಂದರೆ ಸೋಡಿಯಂ ಹೈಪೊಕ್ಲೋರೈಟ್. 2020ರಲ್ಲಿ ಕೋವಿಡ್ ಪಿಡುಗು ಹರಡಿದಾಗ ಊರೂರಿನ ಬೀದಿಗಳಲ್ಲಿ ಸಿಂಪಡಿಸಿದುದು ಇದನ್ನೇ. ಜನರ ಮೈಮೇಲೆಯೂ ಇದನ್ನು ಎರಚಿದ ಸುದ್ದಿಗಳು ಬಂದಾಗ, ಅದು ಅಪಾಯಕರವೆಂದು ಕೇಂದ್ರ ಆರೋಗ್ಯ ಮಂತ್ರಾಲಯವು ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಎಚ್ಚರಿಸಬೇಕಾಯಿತು. ಆಸಿಡ್ಡು ಎಂದು ಅಂಗಡಿಯಲ್ಲಿ ದೊರೆಯುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಗಡಸು ನೀರಿನ ಬಿಳಿ ಪದರವನ್ನೂ ತುಕ್ಕನ್ನೂ ತೆಗೆಯಲು ಅದನ್ನು ಬಳಸುತ್ತಾರೆ. ಇವೆರಡೂ ಕೊಳೆಗೆ ಶತ್ರುಗಳೇ. ಆದರೆ ತಮ್ಮತಮ್ಮಲ್ಲಿ ಎಣ್ಣೆ ಸೀಗೆಕಾಯಿಗಿಂತ ಹೆಚ್ಚಿನ ವೈರವುಳ್ಳವು. ಹೈಪೊಕ್ಲೋರೈಟಿನ ಒಂದು ಅಣುವೂ ಆಮ್ಲದ ಎರಡು ಅಣುಗಳೂ ಸೇರಿದೊಡನೆ ಉಪ್ಪಿನ ಒಂದು ಅಣು, ನೀರಿನ ಒಂದು ಅಣು, ಕ್ಲೋರೀನ್ ಅನಿಲದ ಒಂದು ಅಣು ಉಂಟಾಗುತ್ತವೆ.

ಸ್ವೀಡನ್ನಿನ ಷೀಲೆ 1774ರಲ್ಲಿ ಕಂಡ ಅನಿಲವಿದು. 1810ರಲ್ಲಿ ಇಂಗ್ಲೆಂಡಿನ ಡೇವಿ ಇದು ಮೂಲವಸ್ತುವೆಂದು ಸಾರಿ, ಅದರ ಹಸಿರು ಹಳದಿ ಬಣ್ಣವನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಹೆಸರಿಟ್ಟನು. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯವು ಶತ್ರುಗಳ ಕಂದಕಗಳತ್ತ ಹರಿಯಬಿಟ್ಟುದು ಇದೇ ಅನಿಲವನ್ನು.

ಟ್ರೇಲರಿನಲ್ಲಿ ಎಷ್ಟು ಅನಿಲ ಹುಟ್ಟೀತು? ಅಂಗಡಿಯ ಒಂದು ಲೀಟರ್ ದ್ರಾವಣದಿಂದ ಸುಮಾರು 100 ಗ್ರಾಂ ಕ್ಲೋರೀನ್ ಹೊರಡಬಹುದೆಂದು ಇಟ್ಟುಕೊಳ್ಳೋಣ. ಅದನ್ನು ಬಿಡಿಸಲು ಶೇಕಡಾ 30ರ ಆಮ್ಲ 300 ಮಿಲಿಲೀಟರ್ ಸಾಕು. ಕ್ಲೋರೀನಿನ ಅಣುಭಾರ 71. ಆದುದರಿಂದ 100 ಗ್ರಾಮಿನಷ್ಟು ಅನಿಲವು ನಮ್ಮ ಊರಿನ 30 ಡಿಗ್ರಿ ಶಾಖದಲ್ಲಿ ಸುಮಾರು 35 ಲೀಟರ್ ಸ್ಥಳವನ್ನು ಆಕ್ರಮಿಸುತ್ತದೆ. ಅದು ಒಂದು ಕ್ಯಾನು ತುಂಬುವಷ್ಟು ಮಾತ್ರ ಎನ್ನಬಹುದು. ಆದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 10 ಪಾಲು ಕ್ಲೋರೀನ್ ಇದ್ದರೆ ಪ್ರಾಣಕ್ಕೆ ಕೂಡಲೇ ಅಪಾಯವೆಂದು ತಜ್ಞರು ಎಣಿಸುತ್ತಾರೆ. ಆ 35 ಲೀಟರು 3,500 ಘನಮೀಟರ್ ಗಾಳಿಯನ್ನು ಈ ಮಟ್ಟಕ್ಕೆ ಕೆಡಿಸಬಲ್ಲದು. ಎಂದರೆ 30 ಮೀಟರ್ ಉದ್ದ, 20 ಮೀಟರ್ ಅಗಲ, ಸುಮಾರು 6 ಮೀಟರ್ ಎತ್ತರದ ಒಂದು ಗೋದಾಮನ್ನು. ನಮ್ಮ ವಿದ್ಯಾರ್ಥಿಯ ಕ್ಯಾನು ಬಯಲು ದಾರಿಯಲ್ಲಿ ಉರುಳಿತು. ಗೋದಾಮಿನೊಳಗೆ ಉರುಳಿದ್ದರೆ ಈ ಲೇಖನದ ಸ್ವರೂಪವೇ ಬೇರೆಯಾಗುತ್ತಿತ್ತು. ಅನಿಲವು ತಳದಲ್ಲಿ ತೆವಳಿದುದಕ್ಕೂ ಕಾರಣವುಂಟು. ಕ್ಲೋರೀನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ; ತಗ್ಗನ್ನು ಹುಡುಕಿಕೊಂಡು ಇಳಿಯುತ್ತದೆ. ಇದರಿಂದ ತಪ್ಪಿಸಿಕೊಳ್ಳುವವರು ಗಾಳಿಗೆ ಎದುರಾಗಿ, ದಿಬ್ಬದ ಕಡೆಗೆ ಹೋಗಬೇಕು.

ಮೂರು ಒಕ್ಕಲು, ಒಂದು ಬಹಿಷ್ಕಾರ

ವಸ್ತುಗಳನ್ನು ಅವುಗಳ ಗುಣಕ್ಕೆ ತಕ್ಕಂತೆ ಒಕ್ಕಲುಗಳಾಗಿ ವಿಂಗಡಿಸುವುದು ಮೊದಲ ಕೆಲಸ. ಹೈಪೊಕ್ಲೋರೈಟ್ ದ್ರಾವಣವು ಕ್ಷಾರಗುಣದ್ದು. ಅದರಲ್ಲಿ ಕಾಸ್ಟಿಕ್ ಸೋಡದ ಅಂಶವೂ ಇರುತ್ತದೆ. ಆದುದರಿಂದ ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ನೆರೆಹೊರೆಯಾಗಿ ಇರಬಹುದು. ಆಮ್ಲವು ಒಂಟಿಯಾಗಿ ದೂರವಿರಬೇಕು. ನಿಂಬೆಯ ಹುಳಿಯಾದ ಸಿಟ್ರಿಕ್ ಆಮ್ಲವು ಸಾಧುವೆಂದು ತಿಳಿದು ಅದನ್ನು ಬ್ಲೀಚಿನ ಬಳಿ ಇಡುವವರುಂಟು; ಅದೂ ಕ್ಲೋರೀನನ್ನು ಬಿಡಿಸುತ್ತದೆ. ಮೂರನೆಯ ಒಕ್ಕಲು ಇಂಧನ, ಎಣ್ಣೆ, ಗ್ರೀಸು. ಬ್ಲೀಚಿಂಗ್ ಪದಾರ್ಥಗಳು ಆಮ್ಲಜನಕವನ್ನು ಕೊಡುವ ಉತ್ಕರ್ಷಕಗಳು. ಅದರಲ್ಲಿಯೂ ತೀವ್ರವಾದ ಬ್ಲೀಚಿಂಗ್ ಪುಡಿಯ ಮೇಲೆ ಬ್ರೇಕ್ ಎಣ್ಣೆ ತೊಟ್ಟಿಕ್ಕಿದರೆ ಬೆಂಕಿಕಡ್ಡಿಯಿಲ್ಲದೆಯೇ ಉರಿ ಏಳಬಹುದು.

ಟ್ರೇಲರನ್ನೇ ಹತ್ತಗೊಡಬಾರದ ವಸ್ತುಗಳೆಂದರೆ ಅಮೋನಿಯ ಮತ್ತು ಯೂರಿಯ. ಇವಕ್ಕೆ ಬ್ಲೀಚ್ ತಗಲಿದರೆ ಕ್ಲೋರಮೀನ್ ಮೊದಲಾದ ವಿಷಾನಿಲಗಳು ಹುಟ್ಟುತ್ತವೆ. ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಸ್ಫೋಟಕವೂ ಉಂಟಾಗಬಹುದು. ಈ ಸ್ಫೋಟಕವನ್ನು ಮೊದಲು ತಯಾರಿಸಿದ ಫ್ರಾನ್ಸಿನ ಡ್ಯುಲಾಂಗ್ ಒಂದು ಕಣ್ಣನ್ನೂ ಎರಡು ಬೆರಳುಗಳನ್ನೂ ಕಳೆದುಕೊಂಡನು. ನಮ್ಮ ಸೀಮೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಮುಂಗಾರಿನಲ್ಲಿ ಯೂರಿಯದ ಚೀಲಗಳನ್ನು ಹೇರಿದ ಟ್ರೇಲರೇ ಬೇಸಗೆಯಲ್ಲಿ ಬೇರೆ ಕೆಲಸಕ್ಕೆ ಹೂಡಲ್ಪಡುತ್ತದೆ. ಹಲಗೆಯ ಸಂದಿನಲ್ಲಿ ಉಳಿದ ಬಿಳಿಯ ಹರಳುಗಳನ್ನು ಯಾರು ನೋಡುತ್ತಾರೆ? ಆದುದರಿಂದ ತೊಳೆಯುವ ಟ್ರೇಲರು ಅದಕ್ಕೇ ಮೀಸಲಾಗಿರಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಕಾಪಿಡುವ ಶೀತಲಗೃಹಗಳಿವೆ. ಇಂತಹ ಗೃಹಗಳಲ್ಲಿ ತಂಪನ್ನುಂಟುಮಾಡಲು ಅಮೋನಿಯವನ್ನು ಬಳಸುವುದು ವಾಡಿಕೆ. ಅಂತಹ ಯಂತ್ರಗಳ ಬಳಿ ಬ್ಲೀಚಿನಿಂದ ತೊಳೆಯುವ ಮೊದಲು ಅಲ್ಲಿನವರನ್ನು ಕೇಳಿ ತಿಳಿಯಬೇಕು.

ನೀರಿನ ತೊಟ್ಟಿಯೇ ಗೋಡೆ

ಆತನ ಟ್ರೇಲರು ಸುಮಾರು 3.3 ಮೀಟರ್ ಉದ್ದ, 1.8 ಮೀಟರ್ ಅಗಲ. ನಡುವೆ 2 ಮೀಟರ್ ಉದ್ದದ, 75 ಸೆಂಟಿಮೀಟರ್ ಎತ್ತರದ, 1,000 ಲೀಟರ್ ನೀರು ಹಿಡಿಯುವ ಕಬ್ಬಿಣದ ತೊಟ್ಟಿ. ಅದರ ಮುಂದೆ 65 ಸೆಂಟಿಮೀಟರ್, ಹಿಂದೆ 65 ಸೆಂಟಿಮೀಟರ್ ಸ್ಥಳ ಉಳಿದಿತ್ತು. ಈ ತೊಟ್ಟಿಗಿಂತ ಒಳ್ಳೆಯ ಗೋಡೆ ಬೇಕೆ? ಬ್ಲೀಚ್ ಮತ್ತು ಕಾಸ್ಟಿಕ್ ಇವುಗಳ ಪೆಟ್ಟಿಗೆಯನ್ನು ಮುಂಭಾಗದಲ್ಲಿಯೂ, ಆಮ್ಲದ ಪುಟ್ಟ ಪೆಟ್ಟಿಗೆಯನ್ನು ಹಿಂಭಾಗದ ಎಡಮೂಲೆಯಲ್ಲಿಯೂ, ಎಂಜಿನ್ನನ್ನು ಬಲಮೂಲೆಯಲ್ಲಿಯೂ ನಿಲ್ಲಿಸಿದೆವು. 35 ಲೀಟರ್ ಆಮ್ಲದ ಬದಲು 5 ಲೀಟರಿನ ಒಂದೇ ಕ್ಯಾನನ್ನು ಒಯ್ಯುವುದೆಂದು ತೀರ್ಮಾನಿಸಿದೆವು. ಇಲ್ಲದ ವಸ್ತು ಚೆಲ್ಲುವುದಿಲ್ಲ. ಸುರಕ್ಷಿತತೆಯ ಮೊದಲ ಸೂತ್ರವೇ ಇದು. ಎಂಜಿನ್ನು ಡೀಸೆಲ್ಲಿನದಾದುದರಿಂದ ಪೆಟ್ರೋಲಿನ ಕ್ಯಾನೂ ತಪ್ಪಿತು.

ಎಂಜಿನ್ನಿನ ಭಾರವೆಲ್ಲ ಹಿಂದೆ ಬಿದ್ದರೆ ತಕ್ಕಡಿಯಂತೆ ಮುಂಭಾಗ ಮೇಲಕ್ಕೆ ಎತ್ತಿ ಟ್ರೇಲರು ಓಲಾಡುತ್ತದೆ. ಆದುದರಿಂದ ಸ್ಟೆಪ್ನಿ ಚಕ್ರ, ಒಣ ಮರಳಿನ ಡಬ್ಬ, ತುರ್ತಿನ ನೀರಿನ ಕ್ಯಾನು ಇವನ್ನು ಮುಂದಕ್ಕೆ ತಂದು, ಕೊಕ್ಕೆಯ ಮೇಲೆ ಸ್ವಲ್ಪ ಭಾರ ಬೀಳುವಂತೆ ಮಾಡಿದೆವು.

ಅರ್ಧ ತುಂಬಿದ ಕೊಡ

ತುಂಬಿದ ಕೊಡ ತುಳುಕುವುದಿಲ್ಲವೆಂದು ನಮ್ಮ ಹಿರಿಯರು ಹೇಳಿದುದು ಮನುಷ್ಯರನ್ನು ಕುರಿತು. ಆದರೆ ಭೌತವಿಜ್ಞಾನವೂ ಅದನ್ನೇ ಹೇಳುತ್ತದೆ. ಟ್ರ್ಯಾಕ್ಟರು ಬ್ರೇಕು ಹಾಕಿದಾಗ ಟ್ರೇಲರು ನಿಧಾನಿಸುತ್ತದೆ. ನೀರು ಜಡತ್ವದಿಂದ ಮುಂದಕ್ಕೆ ನುಗ್ಗುತ್ತದೆ. ವೇಗವು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 5 ಮೀಟರಿನಂತೆ ಇಳಿದರೆ, ಅದು ಗುರುತ್ವದ ವೇಗೋತ್ಕರ್ಷದ ಸುಮಾರು ಅರ್ಧ. ಆಗ ನೀರಿನ ಮೇಲ್ಮೈ ಪ್ರತಿ ಎರಡು ಅಡಿ ಉದ್ದಕ್ಕೆ ಒಂದು ಅಡಿಯಂತೆ ಓರೆಯಾಗುತ್ತದೆ. 2 ಮೀಟರ್ ಉದ್ದದ ತೊಟ್ಟಿಯ ನಡುಬಿಂದುವಿನಿಂದ ಮುಂದಿನ ಗೋಡೆ ಒಂದು ಮೀಟರ್ ದೂರ. ಅಲ್ಲಿ ನೀರು ಅರ್ಧ ಮೀಟರ್ ಮೇಲೇರಬೇಕು. ಅರ್ಧ ತುಂಬಿದ ತೊಟ್ಟಿಯಲ್ಲಿ ನೀರಿನ ಆಳ 37 ಸೆಂಟಿಮೀಟರ್. ಅದಕ್ಕೆ 50 ಕೂಡಿದರೆ 87. ತೊಟ್ಟಿಯ ಎತ್ತರವೋ 75! ನೀರು ಮುಚ್ಚಳವನ್ನೇ ಗುದ್ದುತ್ತದೆ. ಹಿಂಭಾಗದ ತಳ ಬರಿದಾಗುತ್ತದೆ. ಅರ್ಧ ಟನ್ ಭಾರವು ಹೀಗೆ ಹಿಂದುಮುಂದಾಗಿ ತೂಗಿದರೆ ಟ್ರ್ಯಾಕ್ಟರು ಹೇಳಿದ ಮಾತನ್ನು ಕೇಳೀತೆ?

ಇದಕ್ಕೆ ಪರಿಹಾರ ಸುಲಭ. ತೊಟ್ಟಿಯೊಳಗೆ ಅಡ್ಡಲಾಗಿ ಮೂರು ತೂತುಳ್ಳ ತಗಡುಗಳನ್ನು ಬೆಸೆದು ಅರ್ಧರ್ಧ ಮೀಟರಿನ ನಾಲ್ಕು ಕೋಣೆಗಳನ್ನು ಮಾಡುವುದು. ಆಗ ಪ್ರತಿ ಕೋಣೆಯಲ್ಲಿ ನೀರು ಏರುವುದು ಸುಮಾರು 12 ಸೆಂಟಿಮೀಟರ್ ಮಾತ್ರ. ತೂತಿನ ಮೂಲಕ ನೀರು ನಿಧಾನವಾಗಿ ಹರಿಯುವುದರೊಳಗೆ ಬ್ರೇಕಿನ ಕ್ಷಣ ಕಳೆದಿರುತ್ತದೆ.

ತಟ್ಟೆಯ ಲೆಕ್ಕ

ಕ್ಯಾನು ಸೋರಿದರೆ ಹಿಡಿದುಕೊಳ್ಳಲು ಕೆಳಗೆ ಒಂದು ತಟ್ಟೆ ಬೇಕು. ದೊಡ್ಡ ಕ್ಯಾನಿಗಿಂತ ಹತ್ತನೆಯ ಒಂದು ಪಾಲು ಹೆಚ್ಚು ಹಿಡಿಯಬೇಕೆಂಬುದು ರೂಢಿಯ ನಿಯಮ. 35 ಲೀಟರಿನ ಕ್ಯಾನಿಗೆ 38.5 ಲೀಟರ್. ನಮ್ಮ ವಿದ್ಯಾರ್ಥಿ 100 ಸೆಂಟಿಮೀಟರ್ ಉದ್ದ, 60 ಅಗಲ, 7 ಆಳದ ತಟ್ಟೆ ಸಾಕೆಂದು ಲೆಕ್ಕ ಹಾಕಿದ. ಅದು 42 ಲೀಟರ್ ಹಿಡಿಯುತ್ತದೆ. ಆದರೆ ಆತ ಒಂದನ್ನು ಮರೆತಿದ್ದ. ತಟ್ಟೆಯಲ್ಲಿ 30 ಸೆಂಟಿಮೀಟರ್ ಚೌಕದ ಎರಡು ಕ್ಯಾನುಗಳು ನಿಂತಿರುತ್ತವೆಯಲ್ಲವೆ? ಅವು 1,800 ಚದರ ಸೆಂಟಿಮೀಟರನ್ನು ನುಂಗಿ 4,200 ಮಾತ್ರ ಉಳಿಸುತ್ತವೆ. 38.5 ಲೀಟರಿಗೆ ಅಲ್ಲಿ ಆಳ ಸುಮಾರು 9 ಸೆಂಟಿಮೀಟರ್ ಬೇಕು. ಇನ್ನು ಬ್ರೇಕು ಹಾಕಿದರೆ? ತಟ್ಟೆಯ ಕಿರಿದಾದ ಅಂಚನ್ನು ಪ್ರಯಾಣದ ದಿಕ್ಕಿಗಿಟ್ಟರೂ ನಡುವಿನಿಂದ ಅಂಚಿಗೆ 30 ಸೆಂಟಿಮೀಟರ್. ದ್ರವವು 15 ಸೆಂಟಿಮೀಟರ್ ಏರುತ್ತದೆ. 9ಕ್ಕೆ 15 ಕೂಡಿ 24. ಹೀಗೆ 7 ಸೆಂಟಿಮೀಟರಿನ ತಟ್ಟೆ 25 ಸೆಂಟಿಮೀಟರಿನ ತೊಟ್ಟಿಲಾಯಿತು. ನಿಂತ ನೆಲದ ಲೆಕ್ಕ ಓಡುವ ಬಂಡಿಗೆ ಸಲ್ಲದು.

ತಟ್ಟೆ ಯಾವುದರಿಂದ ಆಗಬೇಕು? ಅಲ್ಯೂಮಿನಿಯಂ ಹಗುರವೆಂದು ಆಯ್ದರೆ ಕಾಸ್ಟಿಕ್ ಸೋಡ ಅದನ್ನು ತಿಂದು ಜಲಜನಕವನ್ನು ಹೊರಬಿಡುತ್ತದೆ. ಶೇಕಡಾ 4ರಷ್ಟು ಜಲಜನಕ ಬೆರೆತ ಗಾಳಿಯೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಕಬ್ಬಿಣವನ್ನು ಆಮ್ಲ ಬಿಡುವುದಿಲ್ಲ. ದಪ್ಪನೆಯ ಪಾಲಿಥೀನ್ ಪ್ಲಾಸ್ಟಿಕ್ಕೇ ಎರಡಕ್ಕೂ ತಕ್ಕದ್ದು. ಎರಡು ಪೆಟ್ಟಿಗೆಗಳಿಗೂ ಬೇರೆ ಬೇರೆ ತಟ್ಟೆ. ಅವುಗಳ ನೀರು ಒಂದೇ ಕೊಳವೆಯಲ್ಲಿ ಸೇರಬಾರದು.

ಕ್ಯಾನುಗಳನ್ನು ಆತ ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದಿದ್ದ. ರಬ್ಬರು ಹಿಗ್ಗುವ ವಸ್ತು, ಬೇಕಾದಾಗಲೇ ಸಡಿಲಗೊಳ್ಳುತ್ತದೆ. ಬ್ಲೀಚ್ ತುಂಬಿದ ಕ್ಯಾನು ಸುಮಾರು 42 ಕಿಲೋಗ್ರಾಂ. ಭಾರದ ಹತ್ತರಲ್ಲಿ ಎಂಟು ಪಾಲು ಬಲ ಮುಂದಕ್ಕೂ, ಅರ್ಧಪಾಲು ಪಕ್ಕಕ್ಕೂ ಹಿಂದಕ್ಕೂ ತಡೆಯಬೇಕೆಂದು ಹೊರೆ ಕಟ್ಟುವವರ ನಿಯಮ. ಎಂದರೆ ಒಂದು ಕ್ಯಾನಿಗೆ ಮುಂದಕ್ಕೆ ಸುಮಾರು 34 ಕಿಲೋಗ್ರಾಂ ಭಾರದ ಬಲ. ಹಿಗ್ಗದ ನೈಲಾನ್ ಪಟ್ಟಿಯೂ ಗಟ್ಟಿಯಾದ ಅಡ್ಡಪಟ್ಟಿಯೂ ಈ ಬಲವನ್ನು ತಡೆಯುತ್ತವೆ.

ಬಿಸಿಲು ಮತ್ತು ಮುಚ್ಚಳ

ಹೈಪೊಕ್ಲೋರೈಟ್ ಬಿಸಿಲನ್ನು ಸಹಿಸದು. ಶಾಖ 10 ಡಿಗ್ರಿ ಏರಿದರೆ ಅದು ಕೆಡುವ ವೇಗ ಮೂರು ನಾಲ್ಕು ಪಟ್ಟಾಗುತ್ತದೆ. ಕೆಡುವಾಗ ಸ್ವಲ್ಪ ಆಮ್ಲಜನಕವೂ ಹೊರಬೀಳುತ್ತದೆ. ತಾಮ್ರ, ನಿಕ್ಕಲ್ ಇವುಗಳ ಲೇಶವಿದ್ದರೆ ಇನ್ನೂ ಬೇಗ. ಹಿತ್ತಾಳೆಯ ನಲ್ಲಿಯನ್ನು ಇದಕ್ಕೆ ಹಾಕಬಾರದೆಂಬುದು ಇದರಿಂದ ತಿಳಿಯುತ್ತದೆ. ಬಿಗಿಯಾಗಿ ಮುಚ್ಚಿದ ಕ್ಯಾನು ಮಧ್ಯಾಹ್ನದ ಹೊತ್ತಿಗೆ ಗುಡಾಣದಂತೆ ಉಬ್ಬುವುದಕ್ಕೂ ಇದೇ ಕಾರಣ. ಅನಿಲವನ್ನು ಬಿಡುವ, ದ್ರವವನ್ನು ಬಿಡದ ಮುಚ್ಚಳಗಳು ದೊರೆಯುತ್ತವೆ, ಅವನ್ನೇ ಹಾಕಬೇಕು. ಪೆಟ್ಟಿಗೆಗೆ ಬಿಳಿಯ ಬಣ್ಣ ಬಳಿದು, ಮೇಲೊಂದು ತಗಡಿನ ನೆರಳನ್ನು ನಾಲ್ಕು ಬೆರಳು ಅಂತರದಲ್ಲಿ ನಿಲ್ಲಿಸಿ, ತಳದಲ್ಲಿಯೂ ಮೇಲೆಯೂ ಗಾಳಿಕಂಡಿಗಳನ್ನು ಕೊರೆಸಿದೆವು. ಭಾರವಾದ ಅನಿಲಕ್ಕೆ ಕೆಳಗಣ ಕಂಡಿಯೇ ಮುಖ್ಯ.

ಗುಂಡಿನಂತಹ ನೀರು, ಮಳೆಯಂತಹ ನೀರು

ಆತನ ಪಂಪು 100 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 10 ಲೀಟರ್ ನೀರನ್ನು ದೂಡುತ್ತದೆ. ಈ ಒತ್ತಡವೆಲ್ಲ ವೇಗವಾಗಿ ಮಾರ್ಪಟ್ಟರೆ ನೀರು ಸೆಕೆಂಡಿಗೆ 141 ಮೀಟರ್, ಎಂದರೆ ಗಂಟೆಗೆ 500 ಕಿಲೋಮೀಟರಿಗಿಂತ ಹೆಚ್ಚಿನ ವೇಗದಿಂದ ಹೊರಡುತ್ತದೆ. ಅಂತಹ ಧಾರೆ ಚರ್ಮವನ್ನು ಭೇದಿಸಿ ಒಳಹೊಗಬಲ್ಲದು. ಹೊರಗೆ ಸೂಜಿಯ ಗಾಯ ಮಾತ್ರ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈಗ ಒಂದು ಪ್ರಶ್ನೆ. ಟ್ರೇಲರಿನಲ್ಲಿ ಸಾವಿರ ಲೀಟರ್ ನೀರಿದೆ. ಕಣ್ಣಿಗೆ ಕಾಸ್ಟಿಕ್ ಸಿಡಿದರೆ ಅದರಿಂದ ತೊಳೆಯಬಹುದಲ್ಲವೆ? ತೊಳೆಯಲಾಗದು! ಪಂಪಿನ ಧಾರೆ ಕಣ್ಣನ್ನೇ ತೆಗೆದೀತು. ಆದುದರಿಂದಲೇ ತುರ್ತಿನ ಕ್ಯಾನನ್ನು ಪ್ರತ್ಯೇಕವಾಗಿ ಇರಿಸಿದೆವು. ಕಣ್ಣನ್ನು ಕನಿಷ್ಠ 15 ನಿಮಿಷ ತೊಳೆಯಬೇಕು. ನಿಮಿಷಕ್ಕೆ ಒಂದೂವರೆ ಲೀಟರಿನಂತೆ 22.5 ಲೀಟರ್, 25 ಲೀಟರಿನ ಕ್ಯಾನು ಸಾಕು. ಒಂದು ಮೀಟರ್ ಎತ್ತರದಿಂದ ಇಳಿಯುವ ನೀರಿನ ಒತ್ತಡ ಪಂಪಿನ ಒತ್ತಡದ ಸಾವಿರದ ಒಂದು ಪಾಲು. ಕಣ್ಣಿಗೆ ಅದೇ ಹಿತ. ತೊಳೆಯುತ್ತಲೇ ವೈದ್ಯರ ಬಳಿಗೆ ಹೋಗುವ ಏರ್ಪಾಡನ್ನು ಮಾಡಬೇಕು.

ತೊಟ್ಟಿಯನ್ನು ತುಂಬುವಾಗಲೂ ಎಚ್ಚರ ಬೇಕು. ಊರಿನ ನಲ್ಲಿಗೆ ಜೋಡಿಸಿದ ಕೊಳವೆಯ ತುದಿ ತೊಟ್ಟಿಯ ನೀರಿನಲ್ಲಿ ಮುಳುಗಿದ್ದು, ನಲ್ಲಿಯ ಒತ್ತಡ ಒಮ್ಮೆಲೆ ಕುಸಿದರೆ, ತೊಟ್ಟಿಯ ನೀರು ಹಿಂದಕ್ಕೆ ಹೀರಲ್ಪಟ್ಟು ಊರಿನ ಕುಡಿಯುವ ನೀರನ್ನು ಸೇರುತ್ತದೆ. ಕೊಳವೆಯ ಬಾಯಿಗೂ ನೀರಿಗೂ ನಡುವೆ ಒಂದು ಗೇಣು ಗಾಳಿ ಇದ್ದರೆ ಈ ಭಯವಿಲ್ಲ. ತೊಳೆದ ನೀರು ಹಾವೇರಿಯ ಹೆಗ್ಗೇರಿಯಂತಹ ಕೆರೆಗಳ ದಾರಿಯನ್ನು ಹಿಡಿಯದಂತೆ ನೋಡಿಕೊಳ್ಳಬೇಕು. ಬ್ಲೀಚ್ ಮೀನಿಗೆ ವಿಷ. ಬ್ಲೀಚ್ ಚೆಲ್ಲಿದಲ್ಲಿ ಒಣ ಮರಳನ್ನು ಹಾಕಬೇಕು. ಕಟ್ಟಿಗೆಯ ಪುಡಿಯನ್ನು ಹಾಕಿದರೆ ಅದು ಬಿಸಿಯೇರೀತು.

ಹೆಸರು ಬರೆದಿಡಿ

ಭೋಪಾಲದಲ್ಲಿ 1984ರ ಡಿಸೆಂಬರಿನಲ್ಲಿ ನಡೆದ ದುರಂತದ ಬಳಿಕ ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಿಗಿಯಾಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅಪಾಯಕರ ಸರಕನ್ನು ಸಾಗಿಸುವ ವಾಹನಗಳಿಗೆ ಗುರುತಿನ ಫಲಕವನ್ನೂ ಚಾಲಕರಿಗೆ ತಿಳಿವಳಿಕೆಯನ್ನೂ ವಿಧಿಸುತ್ತವೆ. ಹೈಪೊಕ್ಲೋರೈಟ್ ದ್ರಾವಣಕ್ಕೆ 1791, ಹೈಡ್ರೋಕ್ಲೋರಿಕ್ ಆಮ್ಲಕ್ಕೆ 1789, ಕಾಸ್ಟಿಕ್ ದ್ರಾವಣಕ್ಕೆ 1824 ಎಂದು ವಿಶ್ವಸಂಸ್ಥೆಯ ಸಂಖ್ಯೆಗಳೂ ಇವೆ. ಅಗ್ನಿಶಾಮಕ ದಳದವರು ಸಂಖ್ಯೆಯನ್ನು ಕಂಡು ವಸ್ತುವನ್ನು ಗುರುತಿಸುತ್ತಾರೆ. ಆದರೆ ಬಂಡಿಯಲ್ಲಿ ಕೆಲಸ ಮಾಡುವ ಹುಡುಗನಿಗೆ ಬೇಕಾದುದು ಕನ್ನಡದ ದೊಡ್ಡ ಅಕ್ಷರ. ನೀಲಿ ಪೆಟ್ಟಿಗೆಯ ಮೇಲೆ “ಬ್ಲೀಚ್: ಆಸಿಡ್ ತಾಗಿಸಬೇಡಿ” ಎಂದೂ, ಕೆಂಪು ಪೆಟ್ಟಿಗೆಯ ಮೇಲೆ “ಆಸಿಡ್: ಬ್ಲೀಚ್ ತಾಗಿಸಬೇಡಿ” ಎಂದೂ ಬರೆಯಿಸಿದೆವು. ಕುಡಿಯುವ ನೀರಿನ ಬಾಟಲಿಗೆ ಆಸಿಡ್ಡನ್ನು ತುಂಬಿಡುವ ಪದ್ಧತಿಯನ್ನು ಅಂದಿನಿಂದಲೇ ನಿಲ್ಲಿಸಿದೆವು. ಬಾಯಾರಿದವನು ಬಾಟಲಿಯ ಆಕಾರವನ್ನು ನೋಡುತ್ತಾನೆ, ವಾಸನೆಯನ್ನಲ್ಲ.

ಕೆಲಸವೆಲ್ಲ ಮುಗಿದ ಮೇಲೆ ಕ್ಯಾನುಗಳಲ್ಲಿ ಬರಿಯ ನೀರನ್ನು ತುಂಬಿ ಹೆದ್ದಾರಿಯಲ್ಲಿ ರಾಣೆಬೆನ್ನೂರಿನವರೆಗೆ ಹೋಗಿ ಬಂದೆವು. ಉಬ್ಬುಗಳ ಮೇಲೆ ಹಾಯಿಸಿದೆವು. ಖಾಲಿ ದಾರಿಯಲ್ಲಿ ಬ್ರೇಕನ್ನೂ ಒತ್ತಿಸಿದೆವು. ಮುಚ್ಚಳಗಳನ್ನು ತೆಗೆದು ನೋಡಿದಾಗ ಎರಡು ತಟ್ಟೆಗಳೂ ಒಣಗಿದ್ದವು. ಈಗ ಬ್ಯಾಡಗಿಯ ದಾರಿಯಲ್ಲಿ ಗಂಟಲು ಕೆರೆದರೆ ಆತ ಮೊದಲು ಟ್ರ್ಯಾಕ್ಟರನ್ನು ನಿಲ್ಲಿಸಿ, ಇಳಿದು, ಹಿಂದಕ್ಕೆ ನೋಡುತ್ತಾನೆ. ಘಾಟು ಮೆಣಸಿನಕಾಯಿಯದೆಂದು ಖಚಿತವಾದ ಮೇಲೆಯೇ ಮುಂದೆ ಹೋಗುತ್ತಾನೆ.